ಸಹಿ ಹಾಕುವ ಮುನ್ನ ಚಿತ್ರ ಮುಚ್ಚಿ ನೋಡಿ

ಅಪ್ಪ-ಅಮ್ಮಂದಿರೇ,

ಮಗುವಿಗೆ ಮೂರು ತುಂಬುವ ಮೊದಲೇ ಓದು ಕಲಿಸುತ್ತೇವೆಂದು ಕಿಟ್ ಹಿಡಿದು ಮನೆಗೇ ಬರುವವರಿದ್ದಾರೆ. ಟ್ಯಾಬು, ಕಾರ್ಡಿನ ಪೆಟ್ಟಿಗೆ, ತಿಂಗಳ ಕಂತು. ‘ಪಕ್ಕದ ಮನೆಯವರು ಆಗಲೇ ತಗೊಂಡ್ರು ಮೇಡಂ’ ಎಂಬ ಮಾತು ಉಚಿತ.

ಒಂದು ಕೆಲಸ ಮಾಡಿ. ಸೇಬಿನ ಕಾರ್ಡು ನೋಡಿ ಮಗು ‘ಆ್ಯಪಲ್’ ಎನ್ನುತ್ತದಲ್ಲ, ಹೆಬ್ಬೆರಳಿನಿಂದ ಚಿತ್ರ ಮುಚ್ಚಿ ಅಕ್ಷರವನ್ನಷ್ಟೇ ತೋರಿಸಿ. ನನ್ನ ಮೊಮ್ಮಗಳು ಕಾರ್ಡನ್ನೇ ದಿಟ್ಟಿಸಿ ‘ಉಗುರು’ ಎಂದಳು. ತಪ್ಪೇನೂ ಹೇಳಲಿಲ್ಲ.

ಅಮೆರಿಕದಲ್ಲಿ ‘ಯುವರ್ ಬೇಬಿ ಕ್ಯಾನ್ ರೀಡ್’ ಎಂಬ ಸುಮಾರು 200 ಡಾಲರಿನ ಕಿಟ್ ಕೂಸುಗಳಿಗೇ ಓದು ಬರಿಸುತ್ತೇನೆಂದು ಟಿ.ವಿ.ಯಲ್ಲಿ ಸಾರುತ್ತಿತ್ತು. 2012ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಸುಳ್ಳು ಪ್ರಚಾರದ ದೂರು ಹೂಡಿತು. ಅದೇ ವರ್ಷ ಕಂಪನಿ ಬಾಗಿಲು ಹಾಕಿತು. ಇಂಥದ್ದೇ ಸಾಮಗ್ರಿಯನ್ನು ಸಂಶೋಧಕರು 117 ಕೂಸುಗಳ ಮೇಲೆ ಏಳು ತಿಂಗಳು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 14 ಅಳತೆಗಳಲ್ಲಿ 13ರಲ್ಲಿ ಕಿಟ್ ಬಳಸಿದ ಕೂಸಿಗೂ ಬಳಸದ ಕೂಸಿಗೂ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಕಂಡದ್ದು ಒಂದರಲ್ಲಿ ಮಾತ್ರ: ಮಗು ಕಲಿಯುತ್ತಿದೆ ಎಂಬ ಹೆತ್ತವರ ನಂಬಿಕೆಯಲ್ಲಿ.

ಕಂತಿನ ಬಗ್ಗೆ ಎಚ್ಚರ. ಎಷ್ಟೋ ಸಲ ಅದು ಫೈನಾನ್ಸ್ ಕಂಪನಿಯಿಂದ ನಿಮ್ಮ ಹೆಸರಲ್ಲಿ ಎತ್ತಿದ ಸಾಲ. ಪಾಠ ನಿಂತರೂ ಸಾಲ ನಿಲ್ಲದು. ಸೋಫಾದಲ್ಲಿ ಕೂತವರಿಗೆ ಒಟಿಪಿ ಹೇಳಬೇಡಿ. ಹಣ ವಾಪಸಿನ ಮಾತನ್ನು ಬರಹದಲ್ಲಿ ಕೇಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮೋಸ ಹೋಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ನಾಚಿಕೊಳ್ಳಬೇಡಿ.

ಕಿಟ್ ಬೇಡವೆಂದರೆ ಬೇಕಾದದ್ದೇನು? ಕನ್ನಡ ಓದುವ ಮಗು ಎಡವುವುದು ಒತ್ತಕ್ಷರದಲ್ಲಿ. ‘ಅಕ್ಕ’ ಎಂದಿದ್ದರೆ ‘ಅಕ’ ಎಂದು ಓದಿ ತಲೆಯೆತ್ತಿ ನಿಮ್ಮ ಮುಖ ನೋಡುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿ ಟ್ಯಾಬಲ್ಲ, ಒಂದು ಮುಖ ಇರಬೇಕು. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ, ಒಂದೇ ಕಥೆಪುಸ್ತಕ ಹತ್ತು ಸಲವಾದರೂ ಸರಿ.

ಪುಸ್ತಕಕ್ಕೆ ದುಡ್ಡೂ ಬೇಡ. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಯೋಜನೆಯಲ್ಲಿ 6ರಿಂದ 18 ವರ್ಷದವರಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತ. ಈಗ ಈ ಗ್ರಂಥಾಲಯಗಳನ್ನು ‘ಅರಿವು ಕೇಂದ್ರ’ ಎನ್ನುತ್ತಾರೆ. ದೊಡ್ಡ ಮಗುವಿನ ಹೆಸರಲ್ಲಿ ಕಾರ್ಡು ಮಾಡಿಸಿ, ಚಿಕ್ಕದನ್ನೂ ಕರೆದೊಯ್ಯಿರಿ. ಬಾಗಿಲಿಗೆ ಬೀಗ ಬಿದ್ದಿದ್ದರೆ ಸುಮ್ಮನೆ ಹಿಂತಿರುಗಬೇಡಿ. ಪಂಚಾಯಿತಿ ಕಚೇರಿಗೆ ಹೋಗಿ, ಯಾವ ಹೊತ್ತಿಗೆ ತೆರೆಯುತ್ತೀರಿ ಎಂದು ಪಿಡಿಒ ಅವರನ್ನು ಕೇಳಿ.