ಕುರಿಗೊಬ್ಬರವೂ ಗೋಮಾಳವೂ

ಮಳೆಗಾಲಕ್ಕೆ ಮುಂಚೆ ನಮ್ಮ ಕಾಫಿ, ಅಡಿಕೆ ತೋಟಗಳಿಗೆ ಬಯಲುಸೀಮೆಯಿಂದ ಕುರಿಗೊಬ್ಬರದ ಲಾರಿಗಳು ಬರುತ್ತವೆ. ದರ ಕೇಳುತ್ತೇವೆ, ಮಣ್ಣು ಬೆರೆತಿದೆಯೇ ಎಂದು ಮುಷ್ಟಿಯಲ್ಲಿ ಹಿಡಿದು ನೋಡುತ್ತೇವೆ. ಆ ಗೊಬ್ಬರ ಬಿಟ್ಟುಬಂದ ಊರಿನ ಹೊಲದ ಗತಿಯೇನೆಂದು ವಿಚಾರಿಸುವುದಿಲ್ಲ.

ವರದಾ ತೀರದ ಹೊಸರಿತ್ತಿಯಂಥ ಊರುಗಳ ಕಡೆ, ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬುವುದು ಹಿರಿಯರ ಕಾಲದಿಂದ ಬಂದ ರೂಢಿ. ರಾತ್ರಿ ಹಿಂಡು ಹೊಲದಲ್ಲೇ ಮಲಗುತ್ತದೆ. ಹಿಕ್ಕೆಯೊಡನೆ ಗಂಜಲವೂ ಮಣ್ಣಿಗಿಳಿಯುತ್ತದೆ. ಲಾರಿಯಲ್ಲಿ ಬರುವ ಗೊಬ್ಬರದಲ್ಲಿ ಈ ಗಂಜಲದ ಸಾರವೆಲ್ಲಿ? ಕುರುಬರಿಗೆ ಕಾಳೋ ಹಣವೋ ಸಲ್ಲುತ್ತದೆ. ಸಾಗಾಣಿಕೆ ಖರ್ಚಿಲ್ಲ. ಸತ್ವಗುಂದಿದ ನೆಲಕ್ಕೆ ಇಷ್ಟು ಅಗ್ಗದ ಮದ್ದು ಅಂಗಡಿಯಲ್ಲಿ ಸಿಕ್ಕದು.

ಆದರೆ ಹಗಲು ಕುರಿ ಮೇಯುವುದೆಲ್ಲಿ? ಗೋಮಾಳ ಉಳಿದಿದ್ದರೆ ತಾನೆ! 1984ರಲ್ಲಿ ಸರ್ಕಾರವು ಹರಿಹರ ಪಾಲಿಫೈಬರ್ಸ್ ಜೊತೆ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿ ಸ್ಥಾಪಿಸಿ, ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ನೀಲಗಿರಿ ನೆಡಲು ಗೊತ್ತುಮಾಡಿತು. 14-11-1987ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವೆಂದರೆ ಅದೇ. (ಆ ಕಡೆ ಹಚ್ಚುವುದೆಂದರೆ ನೆಡುವುದು.) 1991ರಲ್ಲಿ ಕಂಪನಿ ಮುಚ್ಚಿತು. ಹಳೆಯ ರೂಢಿಗಳನ್ನು ಸಭೆಗಳಲ್ಲಿ ಹೊಗಳುವವರು ಈ ಹೋರಾಟದ ಮಾತೆತ್ತುವುದು ಕಡಿಮೆ. ಗೋಮಾಳವಿಲ್ಲದೆ ಹಿಂಡಿಲ್ಲ, ಹಿಂಡಿಲ್ಲದೆ ತರುಬುವ ಮಾತೇ ಇಲ್ಲ.

ಆದ್ದರಿಂದ ಸದಸ್ಯರಲ್ಲಿ ನಮ್ಮ ಸೂಚನೆ: ಮೊದಲು ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆ, ಸೊಪ್ಪುಗಳನ್ನು ತೋಟದಲ್ಲೇ ಕೊಳೆಸಿ ಬಳಸೋಣ, ಸಾಲದೆ ಬಂದದ್ದಕ್ಕೆ ಮಾತ್ರ ಕುರಿಗೊಬ್ಬರ ತರಿಸೋಣ. ತರಿಸುವಾಗಲೂ ಆ ಊರಿನ ಹೊಲಗಳಿಗೆ ಸಲ್ಲಬೇಕಾದುದು ಸಂದ ಮೇಲೆ ಮಿಕ್ಕದ್ದನ್ನೇ ಕೊಳ್ಳುವುದೆಂದು ಬರುವ ಮಹಾಸಭೆಯಲ್ಲಿ ಠರಾವು ಮಂಡಿಸುತ್ತೇವೆ. ದರ ತುಸು ಏರೀತು.