ಮನೆಯ ಮಾತು: ರಾಯರ ಬಂಧನ

ಕಳೆದ ಸಂಚಿಕೆಯಲ್ಲಿ ಹಪ್ಪಳದ ಹಿಟ್ಟಿನ ವಿಚಾರ ಬರೆದು ವಾಚಕರ ಬಾಯಲ್ಲಿ ನೀರೂರಿಸಿದ ನಾವು ಈ ಸಲ ಕಹಿಯನ್ನೇ ಬಡಿಸಬೇಕಾಗಿ ಬಂದಿದೆ. ಸಹಿಸಿಕೊಳ್ಳಬೇಕು.

ಟಾಲಿಗಂಜಿನ ನಮ್ಮ ಮನೆಯ ಕೆಳ ಅಂತಸ್ತಿನಲ್ಲಿ ನಮ್ಮ ಬಂಧುಗಳಾದ ಹಿರಿಯರೊಬ್ಬರಿರುವರು. ಹೆಸರು ಬೇಡ, ರಾಯರೆನ್ನೋಣ. 1976ರಲ್ಲಿ ಧಾರವಾಡದಿಂದ ಕಲಕತ್ತೆಗೆ ಬಂದವರು, ಲೆಕ್ಕಪತ್ರಗಳ ನಡುವೆಯೇ ತಲೆ ನೆರೆದು ನಿವೃತ್ತರಾದವರು. ಮಡದಿ ಗತಿಸಿದ್ದಾರೆ, ಮಗ ಬೆಂಗಳೂರಿನಲ್ಲಿದ್ದಾನೆ. ಮೋಸಹೋದವರನ್ನು ಕಂಡರೆ ರಾಯರಿಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು. ಸಿಟ್ಟಾಗಲು ಈ ಊರು ಅವಕಾಶವನ್ನೂ ಧಾರಾಳವಾಗಿ ಒದಗಿಸಿತು. ನೂರಕ್ಕೆ 48ರ ಬಡ್ಡಿಯ ಆಸೆ ತೋರಿಸಿ ಹಣ ಬಾಚಿದ ಸಂಚಯಿತಾ ಕಂಪನಿಯ ಮೇಲೆ 1980ರ ಡಿಸೆಂಬರಿನಲ್ಲಿ ದಾಳಿ ನಡೆದಾಗ ಅವರು ಇಲ್ಲಿದ್ದರು. 2013ರ ಏಪ್ರಿಲಿನಲ್ಲಿ ಶಾರದಾ ಸಮೂಹ ಕುಸಿದು, ಅದರ ಒಡೆಯ ಕಾಶ್ಮೀರದಲ್ಲಿ ಸೆರೆಸಿಕ್ಕು, ರಾಜ್ಯ ಸರಕಾರ 500 ಕೋಟಿಯ ಪರಿಹಾರ ನಿಧಿ ಸಾರಿದಾಗಲೂ ಇದ್ದರು. “ಆಸೆಬುರುಕರಿಗೆ ಪರಿಹಾರವೇನು ಬಂತು?” ಎಂದು ನಮ್ಮ ಜಗಲಿಯಲ್ಲಿ ಕುಳಿತು ಗುಡುಗಿದ್ದರು.

ರಾಯರಿಗೆ ಆಸೆ ಇರಲಿಲ್ಲ, ನಿಜ. ಅಂಜಿಕೆಯ ಲೆಕ್ಕವನ್ನು ಮಾತ್ರ ಅವರೂ ಹಾಕಿರಲಿಲ್ಲ, ನಾವೂ ಹಾಕಿರಲಿಲ್ಲ.

ಒಂದು ಬೆಳಗ್ಗೆ ಫೋನು ಬಂತು. ಮುಂಬಯಿ ಪೊಲೀಸರಂತೆ! ರಾಯರ ಆಧಾರ್ ಸಂಖ್ಯೆ ತೋರಿಸಿ ಯಾರೋ ಪಾರ್ಸೆಲು ಕಳಿಸಿದ್ದಾರೆ, ಅದರಲ್ಲಿ ಮಾದಕ ಪದಾರ್ಥ ಸಿಕ್ಕಿದೆ, ಆದಕಾರಣ ತಾವು ‘ಡಿಜಿಟಲ್ ಅರೆಸ್ಟ್’ ಆಗಿರುವಿರಿ ಎಂದರು. ವಿಡಿಯೋದಲ್ಲಿ ಖಾಕಿ ತೊಟ್ಟವನೊಬ್ಬ ಕುಳಿತಿದ್ದ, ಹಿಂದೆ ಸರಕಾರಿ ಲಾಂಛನ. ಫೋನು ಕಡಿಯಕೂಡದು, ಯಾರಿಗೂ ಹೇಳಕೂಡದು, ಹೇಳಿದರೆ ಮಗನನ್ನೂ ಹಿಡಿಯುವೆವು. ಹಣವನ್ನೆಲ್ಲ ‘ಪರಿಶೀಲನೆ’ಗಾಗಿ ತಾವು ತಿಳಿಸಿದ ಖಾತೆಗೆ ಕಳಿಸಬೇಕು, ನಿರಪರಾಧಿಯಾದರೆ ಹಿಂದಿರುಗಿಸುವೆವು. ಹೀಗೆ ಮೂರು ದಿನ.

ಆ ಮೂರು ದಿನವೂ ನಾವು ಮೇಲಿನ ಮಹಡಿಯಲ್ಲಿಯೇ ಇದ್ದೆವು. ರಾಯರು ಕಾಫಿಗೆ ಬರಲಿಲ್ಲ, ನೆಗಡಿಯಿರಬೇಕೆಂದುಕೊಂಡೆವು. ಮನೆಯವರು ಸಾರು ಒಯ್ದಾಗ ಬಾಗಿಲನ್ನು ಅರ್ಧ ತೆರೆದು ಪಾತ್ರೆ ತೆಗೆದುಕೊಂಡರಂತೆ, ಮಾತಿಲ್ಲ. ಮೂರನೆಯ ಸಂಜೆ ತಾವೇ ಮೇಲೆ ಬಂದು ಐವತ್ತು ಸಾವಿರ ಸಾಲ ಕೇಳಿದರು. ಜನ್ಮದಲ್ಲಿ ಯಾರಲ್ಲಿಯೂ ಸಾಲ ಕೇಳಿದವರಲ್ಲ. ಕೈ ನಡುಗುತ್ತಿತ್ತು. ಎಳೆದು ಕೇಳಿದಾಗ ಸಂಗತಿ ಹೊರಬಿತ್ತು.

ಗುಮಾಸ್ತಿಕೆ ಮಾಡುವ ನಮಗೆ ಮೊದಲು ನಗು ಬಂತು. ಒಂದೇ ಕಡತದ ಮುಂದೆ ಮೂರು ದಿನ ಎದ್ದು ಹೋಗದೆ ಕೂಡುವ ಸರಕಾರಿ ಅಧಿಕಾರಿಯನ್ನು ನಾವಂತೂ ಕಂಡಿಲ್ಲ! “ಅಷ್ಟು ಲೆಕ್ಕ ಬಲ್ಲ ನೀವೇ...” ಎಂದುಬಿಟ್ಟೆವು. ಆ ಮಾತನ್ನು ಹಿಂದಕ್ಕೆ ಪಡೆಯುವಂತಿದ್ದರೆ ಒಂದು ತಿಂಗಳ ಸಂಬಳ ಕೊಟ್ಟೇವು. ರಾಯರು ತಲೆ ತಗ್ಗಿಸಿ ಕೆಳಗಿಳಿದು ಹೋದರು. ಸಂಘದ ಯುಗಾದಿ ಊಟಕ್ಕೂ ಬರಲಿಲ್ಲ.

ಅದೇ ರಾತ್ರಿ 1930ಕ್ಕೆ ಫೋನು ಮಾಡಿದೆವು. ಸೈಬರ್ ವಂಚನೆಯ ದೂರಿಗೆ ದೇಶಕ್ಕೆಲ್ಲ ಅದೊಂದೇ ಸಂಖ್ಯೆ. ಯಾವ ಖಾತೆಯಿಂದ, ಎಷ್ಟು, ಎಷ್ಟು ಗಂಟೆಗೆ, ವ್ಯವಹಾರದ ಸಂಖ್ಯೆ ಏನು ಎಂದು ಕೇಳುವರು, ಚೀಟಿ ಕೈಯಲ್ಲಿರಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತದೆ. ಹಾರುವ ಮೊದಲೇ ತಿಳಿಸಿದರೆ ಬ್ಯಾಂಕು ತಡೆಹಿಡಿಯಬಲ್ಲದು. ನಾವು ಮೂರು ದಿನ ತಡ. 41,000 ರೂಪಾಯಿ ಮಾತ್ರ ತಡೆಯಲ್ಪಟ್ಟಿತು.

ರಾಣಾಘಾಟದ ನಿವೃತ್ತ ಹಿರಿಯರೊಬ್ಬರು ಇದೇ ರೀತಿ ಒಂದು ಕೋಟಿ ರೂಪಾಯಿ ಕಳೆದುಕೊಂಡು, ನಾಚದೆ 2024ರಲ್ಲಿ ದೂರು ಕೊಟ್ಟರು. ನಮ್ಮ ನದಿಯಾ ಜಿಲ್ಲೆಯ ಕಲ್ಯಾಣಿ ನ್ಯಾಯಾಲಯವು 2025ರ ಜುಲೈನಲ್ಲಿ ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು; ಈ ಬಗೆಯ ವಂಚನೆಗೆ ದೇಶದಲ್ಲಿಯೇ ಮೊದಲ ಶಿಕ್ಷೆಯೆಂದು ಪತ್ರಿಕೆಗಳು ಬರೆದವು. ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ. ಆ ಪತ್ರಿಕೆಯ ತುಂಡನ್ನು ಒಯ್ದು ರಾಯರ ಮೇಜಿನ ಮೇಲಿಟ್ಟು ಬಂದೆವು. ಏನೂ ಹೇಳಲಿಲ್ಲ. ಮರುವಾರ ಕಾಫಿಗೆ ಬಂದರು.

ಹೊರನಾಡಿನ ಕನ್ನಡ ಮುದುಕರ ಸಂಕಟವೇ ಬೇರೆ. ಬಂಗಾಳಿ ನೆರೆಯವರೊಡನೆ ಸಂತೆಯ ಮಾತು ನಡೆದೀತು, ಅವಮಾನದ ಮಾತಿಗೆ ತಾಯಿನುಡಿಯೇ ಬೇಕು. ಅದನ್ನಾಡಲು ಇದ್ದವರು ನಾವು, ಹನ್ನೆರಡು ಮೆಟ್ಟಿಲು ಮೇಲೆ.

ಈಗ ಗುರುತಿಲ್ಲದ ಸಂಖ್ಯೆ ಬಂದರೆ ರಾಯರು ಮೆಟ್ಟಿಲ ಬುಡದಿಂದ ಕೂಗುವರು, ನಮ್ಮ ಹತ್ತು ವರ್ಷದ ಮಗಳು ಇಳಿದುಹೋಗಿ ನೋಡುವಳು. ಹೆಚ್ಚಿನವು ಸಾಲ ಬೇಕೇ ಎಂದು ಕೇಳುವ ಕರೆಗಳು.

ಈ ಬರಹವನ್ನು ಅವರಿಗೆ ತೋರಿಸಿಯೇ ಸಂಪಾದಕರಿಗೆ ಕಳಿಸುತ್ತಿದ್ದೇವೆ. ಹೆಸರು ಬೇಡವೆಂದರು. ಹೋದ ಹಣ ‘ಸುಮಾರು ನಾಲ್ಕು ಲಕ್ಷ’ ಎಂದು ನಾವು ಬರೆದಿದ್ದ ಸಾಲಿನ ಮೇಲೆ ಕೆಂಪು ಪೆನ್ಸಿಲಿನಿಂದ ಗೀಟೆಳೆದು, ಅಂಚಿನಲ್ಲಿ ತಮ್ಮ ಅಂದವಾದ ಅಕ್ಷರದಲ್ಲಿ 3,86,500 ಎಂದು ತಿದ್ದಿಕೊಟ್ಟರು.