ಜೂನ್ ಒಂದನೆಯ ತಾರೀಖಿನ ಮಕ್ಕಳು ಮತ್ತು ವೀಸಾ ವಕೀಲರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ವಿದ್ಯಾರ್ಥಿ ಎಂದೆನಾದರೂ ಅವನಿಗೀಗ ಅರವತ್ತರ ಸಮೀಪ. ಮಗ ಅಮೆರಿಕದ ಪೌರತ್ವ ಪಡೆದಿದ್ದಾನೆ, ಮದುವೆಯೂ ಆಗಿದೆ, ಸೊಸೆ ಇನ್ನೂ ತೌರುಮನೆಯಲ್ಲಿದ್ದಾಳೆ. ಕಾಫಿಯ ಲೋಟ ಕೆಳಗಿಡುತ್ತ ಅವನು ಕೇಳಿದ: "ಮೇಷ್ಟ್ರೇ, ಸೊಸೆಯ ವೀಸಾಕ್ಕೆ ವಕೀಲರನ್ನು ಹಿಡಿಯಬೇಕು ಅಂತಾನೆ ಮಗ. ಒಂದು ಅರ್ಜಿ ತುಂಬುವುದಕ್ಕೆ ಅಷ್ಟೊಂದು ದುಡ್ಡು ಸುರಿಯಬೇಕೆ? ನೀವು ಏನು ಹೇಳುತ್ತೀರಿ?"

ಸಮುದ್ರವನ್ನು ಕಾರವಾರದ ದಡದಲ್ಲಿ ನಿಂತು ನೋಡಿದ್ದು ಬಿಟ್ಟರೆ ದಾಟಿದವನಲ್ಲ ನಾನು. ಮೂವತ್ತನಾಲ್ಕು ವರ್ಷ ಮಲೆನಾಡಿನ ಹಳ್ಳಿಗಳಲ್ಲಿ ಕನ್ನಡ ಕಲಿಸಿದವನು. ಆದರೂ ಈ ಪ್ರಶ್ನೆ ನನ್ನ ಬಳಿಗೆ ಬರುವುದಕ್ಕೆ ಒಂದು ಕಾರಣವುಂಟು. ಊರಿನಲ್ಲಿ ಬಹಳ ಜನಕ್ಕೆ ಅದು ಅರ್ಧಂಬರ್ಧ ಗೊತ್ತು. ಪೂರ್ತಿಯಾಗಿ ಹೇಳಿಬಿಡುವುದೇ ಲೇಸೆಂದು ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಪ್ಪೂ ಇರುವುದರಿಂದ ಬರೆಯಲು ಇಷ್ಟು ತಡವಾಯಿತು.

ನನ್ನಲ್ಲಿ ಓದಿದವರಿಗೆ ನೆನಪಿರಬಹುದು: ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳ ಹುಟ್ಟಿದ ದಿನ ಜೂನ್ ಒಂದು. ಅದು ದೈವಲೀಲೆಯಲ್ಲ, ಮೇಷ್ಟರ ಲೀಲೆ. ಒಂದನೆಯ ತರಗತಿಗೆ ಸೇರಲು ಜೂನ್ ಒಂದಕ್ಕೆ ಐದು ವರ್ಷ ಹತ್ತು ತಿಂಗಳು ತುಂಬಿರಬೇಕು ಎಂಬ ನಿಯಮವಿತ್ತು. ತಾಯಂದಿರು ಮಗುವನ್ನು ಕೈಹಿಡಿದು ತರುತ್ತಿದ್ದರು. "ಹುಟ್ಟಿದ್ದು ಯಾವಾಗಮ್ಮ?" ಎಂದರೆ "ಭಾರೀ ಮಳೆ ಹಿಡಿದಿತ್ತು", "ಅಡಿಕೆ ಕೊಯ್ಲಿನ ಸಮಯ", "ಗೌರಿಹಬ್ಬದ ಆಚೀಚೆ" ಎಂಬ ಉತ್ತರಗಳು. ವಯಸ್ಸು ಸಾಲದ ಮಗುವನ್ನು ಹಿಂದಕ್ಕೆ ಕಳಿಸಿದರೆ ಮುಂದಿನ ವರ್ಷ ಬರುತ್ತದೆಂಬ ನಂಬಿಕೆಯಿಲ್ಲ. ಹೆಣ್ಣುಮಗುವಾದರಂತೂ ತಂಗಿ ತಮ್ಮಂದಿರನ್ನು ಆಡಿಸಲು ಮನೆಯಲ್ಲೇ ಉಳಿಯುತ್ತಿತ್ತು. ನಾನು ದಾಖಲಾತಿ ರಿಜಿಸ್ಟರಿನಲ್ಲಿ 1-6 ಎಂದು ಬರೆದು ಒಳಗೆ ಕೂರಿಸುತ್ತಿದ್ದೆ. ಆ ಕಾಲದಲ್ಲಿ ಇದನ್ನು ತಪ್ಪೆಂದು ಯಾರೂ ಎಣಿಸಲಿಲ್ಲ. ನಾನಂತೂ ಪುಣ್ಯದ ಕೆಲಸವೆಂದೇ ತಿಳಿದಿದ್ದೆ.

ಹಾಗೆ 1994ರಲ್ಲಿ ಸೇರಿದ ಹುಡುಗಿಯೊಬ್ಬಳು. ಹುಟ್ಟಿದ್ದು 1988ರ ಸೆಪ್ಟೆಂಬರ್ 19. ಶಾಲೆ ತೆರೆದ ದಿನ ಅವಳಿಗೆ ಐದು ವರ್ಷ ಎಂಟು ತಿಂಗಳು. ನಾನು ಬರೆದದ್ದು 1-6-1988. ಅದೇ ತಾರೀಖು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಯಿತು, ಅಂಕಪಟ್ಟಿಯಿಂದ ಪಾಸ್‌ಪೋರ್ಟಿಗೆ ಹೋಯಿತು. 2019ರ ಫೆಬ್ರುವರಿಯಲ್ಲಿ ಅವಳ ಮದುವೆಯಾಯಿತು. ಹುಡುಗ ನಮ್ಮ ಜಿಲ್ಲೆಯವನೇ, ಓಹಾಯೋ ರಾಜ್ಯದಲ್ಲಿ ಉದ್ಯೋಗ, ಅಮೆರಿಕದ ಪೌರ. ಮದುವೆಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದರು. ಹೆಂಡತಿಯನ್ನು ಕರೆಸಿಕೊಳ್ಳಲು ಗಂಡ ಸಲ್ಲಿಸಬೇಕಾದ ಅರ್ಜಿಗೆ ಐ-130 ಎಂದು ಹೆಸರು. ಆಗ ಅದರ ಸರ್ಕಾರಿ ಶುಲ್ಕ 535 ಡಾಲರು. ಪೌರನ ಹೆಂಡತಿಗೆ ವಾರ್ಷಿಕ ಮಿತಿಯ ಸಾಲಿನಲ್ಲಿ ಕಾಯುವ ಪಾಡಿಲ್ಲ. ಗ್ರೀನ್ ಕಾರ್ಡ್ ಮಾತ್ರ ಇರುವವನ ಹೆಂಡತಿಗೆ ಆ ಸಾಲು ಉಂಟು. ಎಲ್ಲವೂ ಸುಲಭವಾಗಿಯೇ ಕಂಡಿತು. ಹುಡುಗಿಯ ತಂದೆ ಬೆಂಗಳೂರಿನ ಒಬ್ಬ ಏಜೆಂಟನಿಗೆ ನಲವತ್ತು ಸಾವಿರ ರೂಪಾಯಿ ಕೊಟ್ಟು ಕಾಗದಪತ್ರದ ಕೆಲಸ ಒಪ್ಪಿಸಿದರು.

2020ರ ಆರಂಭದಲ್ಲಿ ಐ-130 ಮಂಜೂರಾಯಿತು. ಎರಡನೆಯ ಹಂತದಲ್ಲಿ ಜನನ ಪ್ರಮಾಣಪತ್ರ ಕೇಳಿದರು. ತಾಲ್ಲೂಕು ಕಚೇರಿಯಲ್ಲಿ ಹುಡುಕಿಸಿದಾಗ ಅಂದಿನ ಗ್ರಾಮ ಲೆಕ್ಕಿಗರು ಜನನ ಮರಣ ಪುಸ್ತಕದಲ್ಲಿ ಬರೆದಿಟ್ಟಿದ್ದ ಸಾಲು ಸಿಕ್ಕಿತು: 19-9-1988. ಪಾಸ್‌ಪೋರ್ಟಿನಲ್ಲಿ ಜೂನ್, ಜನನ ಪುಸ್ತಕದಲ್ಲಿ ಸೆಪ್ಟೆಂಬರ್. ಗ್ರಾಮ ಲೆಕ್ಕಿಗರು ನಿಜ ಬರೆದಿದ್ದರು, ಸುಳ್ಳು ಬರೆದದ್ದು ಊರಿಗೆಲ್ಲ ಸತ್ಯ ಬೋಧಿಸುತ್ತಿದ್ದ ಮೇಷ್ಟರು.

ಏಜೆಂಟ ಗಾಬರಿಯಾಗಲಿಲ್ಲ. ತಾಲ್ಲೂಕು ಕಚೇರಿಯ ಆ ಪ್ರತಿಯನ್ನು ಮರೆತುಬಿಡಿ, ಜನನ ನೋಂದಣಿಯೇ ಆಗಿಲ್ಲವೆಂದು ಹೇಳೋಣ, ಹುಡುಗಿ ಹುಟ್ಟಿದ್ದು ಜೂನ್ ಒಂದರಂದೇ ಎಂದು ಊರಿನ ಹಿರಿಯರಿಬ್ಬರಿಂದ ಅಫಿಡವಿಟ್ ಮಾಡಿಸೋಣ ಎಂದ. ಹಿರಿಯರಲ್ಲಿ ಮೊದಲನೆಯವನು ನಾನು. ಮೇಷ್ಟರ ಮಾತಿಗೆ ತೂಕ ಹೆಚ್ಚಲ್ಲವೆ! ಹುಡುಗಿಯ ತಂದೆ ಫೋನ್ ಮಾಡಿ, "ಮೇಷ್ಟ್ರೇ, ನಿಮ್ಮದೊಂದು ಸಹಿ ಬೇಕಿತ್ತು" ಎಂದರು. ನಾನು ಒಪ್ಪಿಕೊಂಡೆ. ಇದನ್ನು ಮುಚ್ಚಿಡುವುದಿಲ್ಲ. ನನ್ನ ತಪ್ಪಿನಿಂದ ಮಗುವಿಗೆ ತೊಂದರೆಯಾಗಿದೆ, ಒಂದು ಸಹಿಯಿಂದ ಸರಿಹೋಗುವುದಾದರೆ ಹೋಗಲಿ ಎಂಬುದೇ ಮನಸ್ಸಿನಲ್ಲಿದ್ದದ್ದು.

ಛಾಪಾ ಕಾಗದವನ್ನು ತಂದದ್ದು ಹುಡುಗಿಯೇ. ನಾನು ಕನ್ನಡಕ ಹುಡುಕುತ್ತಿದ್ದೆ. ಅವಳು ಬಾಗಿಲ ಬಳಿಯೇ ನಿಂತು, "ಮೇಷ್ಟ್ರೇ, ಮುಂಬಯಿಯಲ್ಲಿ ಕೈಯೆತ್ತಿಸಿ ಪ್ರಮಾಣ ಮಾಡಿಸುತ್ತಾರಂತೆ. ಆಮೇಲೆ ಹುಟ್ಟಿದ ದಿನ ಯಾವುದು ಅಂತ ಕೇಳಿದರೆ ನಾನೇನು ಹೇಳಲಿ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಕಾಗದವನ್ನು ಓದಿದೆ. "ನನಗೆ ಸ್ವತಃ ತಿಳಿದಿರುವಂತೆ" ಎಂದು ಆರಂಭವಾಗುತ್ತಿತ್ತು. ಸಹಿ ಹಾಕದೆ ಅದನ್ನು ಮಡಿಸಿ ಅವಳ ಕೈಗೇ ಕೊಟ್ಟು, "ನಿನ್ನ ಗಂಡನಿಗೆ ಹೇಳಿ ಅಲ್ಲಿಯ ವಕೀಲರೊಬ್ಬರನ್ನು ಕೇಳಿಸಮ್ಮ, ಅಲ್ಲಿಯವರೆಗೆ ಇದು ಬೇಡ" ಎಂದೆ. ಅವಳ ತಂದೆ ಎರಡು ತಿಂಗಳು ನನ್ನೊಡನೆ ಮಾತಾಡಲಿಲ್ಲ.

ಹುಡುಗ ಓಹಾಯೋದಲ್ಲಿ ಒಬ್ಬ ವಕೀಲೆಯನ್ನು ಗೊತ್ತುಮಾಡಿದ. ಶುಲ್ಕ ಎರಡೂವರೆ ಸಾವಿರ ಡಾಲರು. ಕೇಳಿ ನನ್ನ ಎದೆ ಧಸಕ್ಕೆಂದಿತು. ನನ್ನ ನಿವೃತ್ತಿಯ ಕಾಲದ ವರ್ಷದ ಸಂಬಳಕ್ಕೆ ಹತ್ತಿರ ಹತ್ತಿರ. ವೀಡಿಯೊ ಕರೆಯಲ್ಲಿ ನನ್ನನ್ನೂ ಕೂರಿಸಿದರು. ಆಕೆ ಕೇಳಿದ ಮೊದಲ ಪ್ರಶ್ನೆ, ಜೂನ್ ಒಂದು ಎಂದು ಬರೆದವರು ಯಾರು ಎಂಬುದು. ನಾನೇ ಎಂದೆ. ಹಾಗಾದರೆ ನಿಮಗಿಂತ ಒಳ್ಳೆಯ ಸಾಕ್ಷಿ ನಮಗಿಲ್ಲ, ಏಕೆ ಬರೆದಿರೆಂಬುದನ್ನು ಇದ್ದಂತೆ ಬರೆದುಕೊಡಿ ಎಂದರು. ಏಜೆಂಟ ನನ್ನಿಂದ ಕೇಳಿದ್ದೂ ಅಫಿಡವಿಟ್ಟೇ, ವಕೀಲೆ ಕೇಳಿದ್ದೂ ಅಫಿಡವಿಟ್ಟೇ.

ಆಮೇಲೆ ಆಕೆ ವಿವರಿಸಿದ ಸಂಗತಿಯೊಂದನ್ನು ನನ್ನ ಓದುಗರು ಗಮನಿಸಬೇಕು. ದಾಖಲೆಗಳಲ್ಲಿ ಎರಡು ತಾರೀಖಿರುವುದು ಅಪರಾಧವಲ್ಲ. ಭಾರತದ ಅರ್ಜಿಗಳಲ್ಲಿ ಅದು ಅಪರೂಪವೂ ಅಲ್ಲ. ಆದರೆ ವೀಸಾಕ್ಕಾಗಿ ಮುಖ್ಯ ಸಂಗತಿಯೊಂದನ್ನು ತಿಳಿದೂ ತಿಳಿದೂ ಸುಳ್ಳಾಗಿ ಹೇಳಿದರೆ, ಸುಳ್ಳು ದಾಖಲೆ ಕೊಟ್ಟರೆ, ಅಮೆರಿಕದ ಕಾನೂನು ಆ ವ್ಯಕ್ತಿಗೆ ಜೀವನಪರ್ಯಂತ ಪ್ರವೇಶ ನಿರಾಕರಿಸಬಹುದು. ವಿನಾಯಿತಿ ಕೋರುವ ದಾರಿಯೊಂದಿದೆ, ಅದು ದೀರ್ಘ, ದುಬಾರಿ, ಅನಿಶ್ಚಿತ. ಅಂದರೆ ಸಣ್ಣ ಗಾಯಕ್ಕೆ ಏಜೆಂಟ ಹಚ್ಚಲು ಹೊರಟಿದ್ದದ್ದು ವಿಷ. ಅದರ ಫಲವನ್ನು ಉಣ್ಣಬೇಕಾದವನು ಏಜೆಂಟನಲ್ಲ, ನಾನೂ ಅಲ್ಲ, ಆ ಹುಡುಗಿ.

ಜನನ ಪ್ರಮಾಣಪತ್ರವನ್ನು ಆಧರಿಸಿ ಪಾಸ್‌ಪೋರ್ಟಿನ ತಾರೀಖನ್ನು ತಿದ್ದಿಸಲು ಅರ್ಜಿ ಹೋಯಿತು. ಶಾಲೆಯ ರಿಜಿಸ್ಟರಿನ ದೃಢೀಕೃತ ಪ್ರತಿ, ತಾಯಿಯ ಹೇಳಿಕೆ, ನನ್ನ ಹೇಳಿಕೆ, ಎರಡೂ ತಾರೀಖುಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುವ ವಕೀಲೆಯ ಪತ್ರ, ಇಷ್ಟೂ ಸಿದ್ಧವಾದವು. ಅಷ್ಟರಲ್ಲಿ ಕೊರೋನಾ ಬಂದು 2020ರ ಮಾರ್ಚಿನಲ್ಲಿ ದೂತಾವಾಸಗಳು ದೈನಂದಿನ ವೀಸಾ ಕೆಲಸ ನಿಲ್ಲಿಸಿದವು. ಮುಂಬಯಿಯ ಸಂದರ್ಶನ ನಡೆದದ್ದು 2021ರ ಕೊನೆಯಲ್ಲಿ. ಅಧಿಕಾರಿ ನನ್ನ ಹೇಳಿಕೆಯನ್ನು ಓದಿ, ನಿಮ್ಮ ತರಗತಿಯಲ್ಲಿ ಇನ್ನೆಷ್ಟು ಜನ ಜೂನ್ ಒಂದರವರಿದ್ದರು ಎಂದು ಕೇಳಿದರಂತೆ. ಹದಿನೇಳು ಎಂದಳಂತೆ ಇವಳು. ವೀಸಾ ಸಿಕ್ಕಿತು. ವಿಳಂಬದಿಂದ ಒಂದು ಲಾಭವೂ ಆಯಿತು: ಪ್ರವೇಶಿಸುವ ಹೊತ್ತಿಗೆ ಮದುವೆಯಾಗಿ ಎರಡು ವರ್ಷ ದಾಟಿದ್ದರಿಂದ ಎರಡು ವರ್ಷದ ಷರತ್ತಿನ ಕಾರ್ಡಿನ ಬದಲು ಹತ್ತು ವರ್ಷದ್ದೇ ದೊರೆಯಿತು.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ವಕೀಲರು ಎಲ್ಲರಿಗೂ ಬೇಕೇ? ಬೇಡ ಎಂದೇ ನನ್ನ ಅಭಿಪ್ರಾಯ. ಅರ್ಜಿ ನಮೂನೆಗಳು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ತುಂಬುವ ಸೂಚನೆಗಳೂ ಅಲ್ಲಿಯೇ ಇವೆ. ಸರ್ಕಾರಿ ಶುಲ್ಕವೇ ಕಡಿಮೆಯದಲ್ಲ. 2024ರ ಏಪ್ರಿಲ್ 1ರಿಂದ ಬಂದ ದರದಂತೆ ಐ-130ಕ್ಕೆ ಆನ್‌ಲೈನಿನಲ್ಲಿ 625, ಕಾಗದದಲ್ಲಿ 675 ಡಾಲರು, ಮುಂದಿನ ಹಂತಗಳ ಶುಲ್ಕ ಬೇರೆ. ಇಬ್ಬರಿಗೂ ಮೊದಲ ಮದುವೆ, ಹೆಸರು ತಾರೀಖುಗಳೆಲ್ಲ ಒಂದೇ, ಹಿಂದೆ ಯಾವ ವೀಸಾವೂ ತಿರಸ್ಕೃತವಾಗಿಲ್ಲ, ಗಂಡನ ವರಮಾನ ಅಲ್ಲಿಯ ಬಡತನ ಮಟ್ಟದ ಶೇಕಡಾ 125ನ್ನು ಧಾರಾಳವಾಗಿ ಮೀರಿದೆ ಎಂದಾದರೆ ಗಂಡಹೆಂಡಿರು ನಾಲ್ಕು ಭಾನುವಾರ ಕುಳಿತು ತಾವೇ ತುಂಬಬಹುದು. ವಕೀಲರಿದ್ದರೆ ಬೇಗ ಆಗುತ್ತದೆ ಎಂಬುದು ಭ್ರಮೆ. ಸರದಿ ಎಲ್ಲರಿಗೂ ಒಂದೇ.

ಆದರೆ ಎಲ್ಲಿಯಾದರೂ ತೊಡಕಿದ್ದರೆ ಹಣದ ಮುಖ ನೋಡಬಾರದು. ಹಿಂದಿನ ವಿಚ್ಛೇದನ, ಒಮ್ಮೆ ನಿರಾಕರಿಸಲ್ಪಟ್ಟ ವೀಸಾ, ಹಳೆಯ ಪೊಲೀಸ್ ಪ್ರಕರಣ, ಅವಧಿ ಮೀರಿ ತಂಗಿದ್ದು, ಇವೆಲ್ಲ ತೊಡಕುಗಳೇ. ನೂರ ಎಂಬತ್ತು ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಉಳಿದವರಿಗೆ ಹತ್ತು ವರ್ಷ ನಿಷೇಧವಿದೆ. ಇಂಥದ್ದನ್ನು ಫೇಸ್‌ಬುಕ್ಕಿನ ಗೆಳೆಯರನ್ನು ಕೇಳಿ ತೀರ್ಮಾನಿಸಬಾರದು. ನಮ್ಮ ಹೆಸರುಗಳ ಗೊಂದಲವೂ ಸಣ್ಣದಲ್ಲ. ಊರಿನ ಹೆಸರು, ತಂದೆಯ ಹೆಸರು ಮುಂದೆ ಅಕ್ಷರವಾಗಿ ನಿಲ್ಲುತ್ತವೆ; ಒಂದು ಕಾಗದದಲ್ಲಿ ಬಿಡಿಸಿ ಬರೆದಿದ್ದರೆ ಇನ್ನೊಂದರಲ್ಲಿ ಮಾಯ. ಸರ್‌ನೇಮ್ ಎಂಬುದೇ ಇಲ್ಲದ ನಮ್ಮ ಜನ ಆ ಖಾಲಿ ಜಾಗದ ಮುಂದೆ ಎಷ್ಟು ಬೆವರಿದ್ದಾರೋ!

ವಕೀಲರೆಂದರೆ ವಕೀಲರೇ ಆಗಿರಬೇಕು. ವಲಸೆ ಕಾನೂನು ಅಲ್ಲಿ ಕೇಂದ್ರದ ಕಾನೂನಾದ್ದರಿಂದ ಯಾವುದೇ ರಾಜ್ಯದ ಸನ್ನದು ಪಡೆದ ವಕೀಲರು ನಡೆಸಬಹುದು. ಸನ್ನದು ಉಂಟೋ ಇಲ್ಲವೋ ಎಂಬುದನ್ನು ಆಯಾ ರಾಜ್ಯದ ದಾಖಲೆಯಲ್ಲಿ ನೋಡಿಕೊಳ್ಳಬಹುದು. ನ್ಯಾಯ ಇಲಾಖೆಯ ಮಾನ್ಯತೆ ಪಡೆದ ಪ್ರತಿನಿಧಿಗಳು ಕೆಲವು ಸೇವಾಸಂಸ್ಥೆಗಳಲ್ಲಿದ್ದಾರೆ, ಅವರ ಶುಲ್ಕ ಕಡಿಮೆ. ನಿಜವಾದ ವಕೀಲರು ಜಿ-28 ಎಂಬ ನಮೂನೆಯಲ್ಲಿ ತಮ್ಮ ಹೆಸರು ಹಾಕಿ ಹೊಣೆ ಹೊರುತ್ತಾರೆ. ನಮ್ಮ ಏಜೆಂಟನ ಹೆಸರು ಯಾವ ಕಾಗದದಲ್ಲಿಯೂ ಇರಲಿಲ್ಲ. ನಲವತ್ತು ಸಾವಿರ ಹಿಂದಕ್ಕೂ ಬರಲಿಲ್ಲ. ಶುಲ್ಕವೆಷ್ಟು, ಅದರಲ್ಲಿ ಏನೇನು ಸೇರಿದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಖಾಲಿ ನಮೂನೆಗೆ ಸಹಿ ಹಾಕಬೇಡಿ. ಇದನ್ನು ಪರೀಕ್ಷೆಯ ಉತ್ತರಪತ್ರಿಕೆಯ ವಿಷಯದಲ್ಲಿಯೂ ಹೇಳುತ್ತಿದ್ದೆ.

ಇನ್ನೊಂದು ಮಾತನ್ನು ಹೆಣ್ಣುಮಕ್ಕಳ ತಂದೆತಾಯಂದಿರಿಗೆ ಹೇಳಬೇಕಾಗಿದೆ. ನಮ್ಮಲ್ಲಿ ಈ ಕಾಗದಗಳೆಲ್ಲ ಅಳಿಯ ಮತ್ತು ಮಾವನ ನಡುವೆ ಓಡಾಡುತ್ತವೆ. ಹುಡುಗಿ ತೋರಿಸಿದಲ್ಲಿ ಸಹಿ ಹಾಕುತ್ತಾಳೆ. ಅರ್ಜಿಯಲ್ಲಿ ಬರೆದದ್ದೆಲ್ಲ ಅವಳ ಬಾಯಿಂದ ಬಂದ ಮಾತೆಂದೇ ಅಲ್ಲಿ ಎಣಿಕೆ. ವಕೀಲರೊಡನೆ ಅವಳೂ ಕುಳಿತು ಮಾತಾಡಬೇಕು, ಸಾಧ್ಯವಾದರೆ ಒಮ್ಮೆ ಒಬ್ಬಳೇ ಮಾತಾಡಬೇಕು. ಹೆಂಡತಿಯನ್ನು ಪೋಷಿಸುವೆನೆಂದು ಗಂಡ ಬರೆದುಕೊಡುವ ಐ-864 ಪತ್ರದ ಹೊಣೆ ವಿಚ್ಛೇದನದಿಂದ ಕೊನೆಗೊಳ್ಳುವುದಿಲ್ಲ. ಷರತ್ತಿನ ಕಾರ್ಡನ್ನು ಖಾಯಂ ಮಾಡಿಸಲು ಸಾಮಾನ್ಯವಾಗಿ ಇಬ್ಬರೂ ಸಹಿ ಹಾಕಬೇಕು. ಆದರೆ ಮದುವೆ ಮುರಿದಿದ್ದರೆ, ಹಿಂಸೆ ನಡೆದಿದ್ದರೆ, ಅವಳೊಬ್ಬಳೇ ಕೋರಲು ಅವಕಾಶವಿದೆ. ಹಿಂಸೆಗೊಳಗಾದ ಹೆಂಡತಿ ಗಂಡನ ನೆರವಿಲ್ಲದೆ ತಾನೇ ಅರ್ಜಿ ಹಾಕುವ ಅವಕಾಶ 1994ರ ಕಾನೂನಿನಿಂದ ಬಂದಿದೆ. ಮಂಗಳಕಾರ್ಯದ ಹೊತ್ತಿನಲ್ಲಿ ಇಂಥ ಅಮಂಗಳದ ಮಾತೇಕೆ ಎಂದು ಹಿರಿಯರು ಮುಖ ಸಿಂಡರಿಸಬಹುದು. ಗಂಡ ಕಳಿಸಿಬಿಡುತ್ತಾನೆಂಬ ಹೆದರಿಕೆಯಲ್ಲಿ ಬಾಯಿಮುಚ್ಚಿಕೊಂಡು ವರ್ಷಗಟ್ಟಲೆ ನರಳಿದ ನನ್ನ ಒಬ್ಬ ವಿದ್ಯಾರ್ಥಿನಿಯ ಮುಖ ನೆನಪಿರುವುದರಿಂದ ಹೇಳುತ್ತಿದ್ದೇನೆ. ಅವಳಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ.

ನನ್ನ ವಿದ್ಯಾರ್ಥಿಗೆ ಇಷ್ಟನ್ನೂ ಹೇಳಿ, ಸೊಸೆಯ ಜನನ ಪ್ರಮಾಣಪತ್ರ, ಅಂಕಪಟ್ಟಿ, ಪಾಸ್‌ಪೋರ್ಟು ಮೂರನ್ನೂ ಮೇಜಿನ ಮೇಲೆ ಒಟ್ಟಿಗಿಟ್ಟು ಮೊದಲು ನೀವೇ ನೋಡಿ, ಮೂರೂ ಒಂದೇ ಮಾತಾಡಿದರೆ ವಕೀಲರ ಹಣ ಉಳಿಯಿತು ಎಂದೆ. ಮಾರನೆಯ ದಿನವೇ ಫೋನ್ ಬಂತು. "ಮೇಷ್ಟ್ರೇ, ಇವಳದೂ ಜೂನ್ ಒಂದು!" ಆ ಹುಡುಗಿ ಓದಿದ್ದು ದಾವಣಗೆರೆಯ ಕಡೆ; ಈ ಬಾರಿ ನನ್ನ ಕೈವಾಡವಿಲ್ಲ. ಅವರು ವಕೀಲರನ್ನು ನೋಡುತ್ತಿದ್ದಾರೆ.

ನನ್ನ ಕೈಬರಹದ ಜೂನ್ ಒಂದು ಯಾರ ದಾಖಲೆಯಲ್ಲಿದೆಯೋ ಅವರಿಗೆ ಒಂದು ಸೂಚನೆ. ಅಗತ್ಯ ಬಿದ್ದರೆ ನಡೆದದ್ದನ್ನು ನಡೆದಂತೆ ಬರೆದು ಸಹಿ ಹಾಕಿಕೊಡುತ್ತೇನೆ, ನೋಟರಿಯವರ ಬಳಿಗೂ ಬರುತ್ತೇನೆ. ಬೆಳಗ್ಗೆ ಹನ್ನೊಂದರವರೆಗೆ ಮನೆಯಲ್ಲಿಯೇ ಇರುತ್ತೇನೆ. ಎಡಗಣ್ಣಿನ ಪೊರೆ ಬಲಿಯುತ್ತಿದೆ, ವಯಸ್ಸೂ ಎಪ್ಪತ್ತೆಂಟಾಯಿತು, ಬರುವವರು ತಡಮಾಡಬೇಡಿ.